ಉಪ್ಪಿನ ಹರಳು, ಮಾವಿನ ಹೋಳು

ಶ್ರೀನಿವಾಸಪುರದಿಂದ ಆಂಧ್ರದ ಗಡಿಯತ್ತ ಹೊರಟರೆ ಗೌನಿಪಲ್ಲಿಯ ಆಸುಪಾಸಿನಲ್ಲೆಲ್ಲ ಮಾವಿನ ತೋಪುಗಳೇ. ಬಾದಾಮಿ, ರಸಪುರಿ, ನೀಲಂ, ಸೆಂದೂರ ಎಲ್ಲವೂ ಇವೆ. ಆದರೆ ಏಪ್ರಿಲ್ ತಿಂಗಳಲ್ಲಿ ದಾರಿಹೋಕರನ್ನು ನಿಲ್ಲಿಸುವುದು ತೋತಾಪುರಿ, ನಮ್ಮ ಮಕ್ಕಳ ಬಾಯಲ್ಲಿ ಗಿಣಿಮೂತಿ ಮಾವಿನಕಾಯಿ. ತಳ್ಳುಗಾಡಿಯವರು ಕಾಯನ್ನು ಸಿಪ್ಪೆ ಸಮೇತ ಉದ್ದುದ್ದ ಸೀಳುತ್ತಾರೆ, ಉಪ್ಪು ಖಾರ ಬೆರೆಸಿಟ್ಟ ಬಟ್ಟಲಲ್ಲಿ ಒಮ್ಮೆ ಅದ್ದಿ ಕೈಗೆ ಕೊಡುತ್ತಾರೆ.

ಆ ಹೋಳನ್ನು ಕೂಡಲೇ ಕಚ್ಚದೆ ಎರಡು ಮೂರು ನಿಮಿಷ ಗಮನಿಸಬೇಕು. ಮೊದಲು ಕಾಯಿಯ ತಿರುಳು ಒಣಗಿದಂತಿದ್ದು, ಉಪ್ಪಿನ ಹರಳುಗಳು ಅದರ ಮೇಲೆ ಬಿಡಿಬಿಡಿಯಾಗಿ ಕೂತಿರುತ್ತವೆ. ಆಮೇಲೆ ಪ್ರತಿ ಹರಳಿನ ಬುಡದಲ್ಲೂ ಸಣ್ಣ ಹೊಳಪು ಕಾಣಿಸುತ್ತದೆ. ಹೊಳಪು ಹನಿಯಾಗುತ್ತದೆ, ಹನಿಗಳು ಕೂಡಿಕೊಂಡು ಖಾರದ ಪುಡಿಯನ್ನು ಕೆಂಪಗೆ ತೋಯಿಸುತ್ತವೆ. ಯಾರೂ ನೀರು ಚಿಮುಕಿಸಿಲ್ಲ, ಅದು ಕಾಯಿಯದೇ ನೀರು. ಕಾಯಿಯ ಕೋಶಗಳ ಪೊರೆ ನೀರನ್ನು ಸುಲಭವಾಗಿ ದಾಟಿಸುತ್ತದೆ, ಉಪ್ಪನ್ನು ಅಷ್ಟು ಸುಲಭವಾಗಿ ದಾಟಿಸುವುದಿಲ್ಲ. ಹೊರಗೆ ಉಪ್ಪು ದಟ್ಟವಾಗಿರುವಾಗ ಒಳಗಿನ ನೀರು ಆ ದಟ್ಟತೆಯನ್ನು ತಗ್ಗಿಸಲು ಹೊರಕ್ಕೆ ಹರಿಯುತ್ತದೆ. ಶಾಲೆಯಲ್ಲಿ ಅಭಿಸರಣೆ ಎಂದು ಓದಿದ್ದು ಇದನ್ನೇ. ನೀರಿನ ಜೊತೆಗೆ ಹುಳಿಯೂ ಪರಿಮಳವೂ ಮೇಲಕ್ಕೆ ಬರುವುದರಿಂದ ನಾಲಿಗೆಗೆ ಮೊದಲು ತಾಗುವುದು ಕಾಯಿಯ ಸಾರವೇ.

ಬಾಯಿಗಿಟ್ಟ ಮೇಲೆ ಇನ್ನೂ ಒಂದು ಕೆಲಸ ನಡೆಯುತ್ತದೆ. ನಾಲಿಗೆಯ ರುಚಿಮೊಗ್ಗುಗಳ ಕೆಲವು ಕೋಶಗಳಲ್ಲಿ ಸೋಡಿಯಂ ಅಯಾನು ನುಗ್ಗಲೆಂದೇ ಇರುವ ಕಾಲುವೆಗಳಿವೆ. ಸೋಡಿಯಂ ಒಳಹೊಕ್ಕರೆ ಉಪ್ಪೆಂಬ ಸುದ್ದಿ ಮಿದುಳಿಗೆ ಹೋಗುತ್ತದೆ. ಅದೇ ಸೋಡಿಯಂ ಕಹಿಯ ಸುದ್ದಿಯನ್ನು ತಗ್ಗಿಸುತ್ತದೆ. ಅಮೆರಿಕದ ಫಿಲಡೆಲ್ಫಿಯಾದ ಮೊನೆಲ್ ಸಂಸ್ಥೆಯ ಬ್ರೆಸ್ಲಿನ್ ಮತ್ತು ಬೋಷಾಂ 1997ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಇದನ್ನು ತೋರಿಸಿಕೊಟ್ಟರು. ಕಹಿ ಮತ್ತು ಸಿಹಿ ಬೆರೆತ ದ್ರಾವಣಕ್ಕೆ ಸೋಡಿಯಂ ಲವಣ ಸೇರಿಸಿದಾಗ ಕಹಿ ಕುಗ್ಗಿತು, ಅದರ ಕೆಳಗೆ ಅಡಗಿದ್ದ ಸಿಹಿ ಮೇಲೆದ್ದಿತು. ಗಿಣಿಮೂತಿಯ ಸಿಪ್ಪೆಯ ಕಡೆಯ ಕಹಿಯನ್ನು ಉಪ್ಪು ಹಿಂದಕ್ಕೆ ಸರಿಸಿದಾಗ ಕಾಯಿಯ ಸಣ್ಣ ಸಿಹಿ ನಮಗೆ ಸಿಗುವುದೂ ಹೀಗೆಯೇ.

ಇಟಲಿಯ ಸಮುದ್ರದುಪ್ಪುಗಳ ಬಗ್ಗೆ ಬರೆಯಲು ಹೊರಟು ಮಾವಿನ ಗಾಡಿಯ ಬಳಿ ನಿಂತಿರುವುದಕ್ಕೆ ಕಾರಣವಿದೆ. ಬೆಂಗಳೂರಿನ ದೊಡ್ಡ ಅಂಗಡಿಗಳಲ್ಲಿ ಸಿಸಿಲಿಯ ಟ್ರಾಪನಿ ಉಪ್ಪು, ಚೆರ್ವಿಯಾದ ಉಪ್ಪು, ರೋಸ್‌ಮೇರಿ ಬೆರೆಸಿದ ಉಪ್ಪು ಸಣ್ಣ ಸಣ್ಣ ಶೀಸೆಗಳಲ್ಲಿ ಕೂತಿರುತ್ತವೆ. ಸಂತೆಯ ಕಲ್ಲುಪ್ಪಿನ ಎಷ್ಟೋ ಪಟ್ಟು ಬೆಲೆ. ಅವುಗಳಲ್ಲಿ ನಿಜವಾದ ಗುಣ ಒಂದಿದೆ. ಆ ಗುಣ ತಿಳಿಯಬೇಕಾದರೆ ಉಪ್ಪು ಕರಗದೆ ಹರಳಾಗಿಯೇ ಉಳಿದಿರುವ ಹೊತ್ತನ್ನು ನೋಡಬೇಕು. ಆ ಹೊತ್ತು ಗೌನಿಪಲ್ಲಿಯ ಹೋಳಿನ ಮೇಲೆ ಕಣ್ಣಿಗೆ ಕಾಣುವಷ್ಟು ಸ್ಪಷ್ಟವಾಗಿ ಬೇರೆಡೆ ಕಾಣುವುದು ಕಷ್ಟ.

ಒಂದು ಲೀಟರ್ ಸಮುದ್ರದ ನೀರಿನಲ್ಲಿ ಸುಮಾರು 35 ಗ್ರಾಂ ಲವಣಗಳಿವೆ. ಅದರಲ್ಲಿ ಅಡುಗೆಯ ಉಪ್ಪು, ಅಂದರೆ ಸೋಡಿಯಂ ಕ್ಲೋರೈಡ್, ಮುಕ್ಕಾಲು ಪಾಲಿಗಿಂತ ತುಸು ಹೆಚ್ಚು. ಉಳಿದದ್ದು ಮೆಗ್ನೀಸಿಯಂ, ಕ್ಯಾಲ್ಸಿಯಂ, ಪೊಟ್ಯಾಸಿಯಂಗಳ ಲವಣಗಳು. ಬಿಸಿಲಿಗೆ ನೀರು ಆರುತ್ತಾ ಹೋದಂತೆ ಇವೆಲ್ಲ ಒಟ್ಟಿಗೆ ಹರಳುಗಟ್ಟುವುದಿಲ್ಲ. ಮೊದಲು ಸುಣ್ಣದ ಅಂಶ ತಳ ಸೇರುತ್ತದೆ. ನೀರು ಐದರಲ್ಲೊಂದು ಪಾಲಿಗೆ ಇಳಿದಾಗ ಜಿಪ್ಸಂ ಬರುತ್ತದೆ. ಹತ್ತರಲ್ಲೊಂದು ಪಾಲಿಗೆ ಇಳಿದ ಮೇಲೆ ಉಪ್ಪಿನ ಸರದಿ. ಇನ್ನೂ ಆರಿಸುತ್ತಾ ಹೋದರೆ ಕಹಿಯಾದ ಮೆಗ್ನೀಸಿಯಂ ಲವಣಗಳೂ ಬಂದು ಬೆರೆತುಬಿಡುತ್ತವೆ. ಆದ್ದರಿಂದ ಉಪ್ಪಿನ ಗದ್ದೆಯವರ ಜಾಣ್ಮೆಯೆಲ್ಲ ಎರಡು ಕಡೆ ಇದೆ: ಜಿಪ್ಸಂ ಹಿಂದಿನ ಕಟ್ಟೆಯಲ್ಲೇ ಉಳಿಯುವ ಹಾಗೆ ನೀರನ್ನು ಮುಂದಿನ ಕಟ್ಟೆಗೆ ಬಿಡುವುದು, ಕಹಿ ಬರುವ ಮುನ್ನ ಉಳಿದ ನೀರನ್ನು ಹೊರಕ್ಕೆ ಹರಿಸುವುದು.

ಗೋಕರ್ಣದ ಬಳಿ, ಅಘನಾಶಿನಿ ನದಿ ಕಡಲು ಸೇರುವ ಕಡೆ, ಸಾಣಿಕಟ್ಟಾದಲ್ಲಿ ಈ ಕೆಲಸ ತಲೆಮಾರುಗಳಿಂದ ನಡೆದುಬಂದಿದೆ. ಉಬ್ಬರದ ನೀರನ್ನು ಒಳಗೆ ಬಿಟ್ಟುಕೊಂಡು, ಕಟ್ಟೆಯಿಂದ ಕಟ್ಟೆಗೆ ಸಾಗಿಸುತ್ತಾ, ಕೊನೆಗೆ ಸಣ್ಣ ಮಡಿಗಳಲ್ಲಿ ಹರಳುಗಟ್ಟಿಸುತ್ತಾರೆ. ಚಳಿ ಇಳಿದ ಮೇಲೆ ಶುರುವಾದ ಕೆಲಸ ಮುಂಗಾರಿನ ಮೊದಲ ಮಳೆಗೆ ಮುಗಿಯುತ್ತದೆ. ಮಣ್ಣಿನ ತಳದಿಂದ ಬಳಿದು ತೆಗೆಯುವುದರಿಂದ ಸಾಣಿಕಟ್ಟಾ ಉಪ್ಪಿಗೆ ತುಸು ಮಾಸಲು ಬಣ್ಣವಿರುತ್ತದೆ. ಕರಾವಳಿಯ ಎಷ್ಟೋ ಮನೆಗಳಲ್ಲಿ ಉಪ್ಪಿನಕಾಯಿಗೆ ಈ ಉಪ್ಪೇ ಆಗಬೇಕು. ಇದೇ ಉತ್ತರ ಕನ್ನಡದ ಅಂಕೋಲಾದಲ್ಲಿ 1930ರ ಏಪ್ರಿಲ್‌ನಲ್ಲಿ ಜನ ಸರ್ಕಾರದ ಉಪ್ಪಿನ ಕಾಯಿದೆ ಮುರಿದರು.

ಟ್ರಾಪನಿಯ ಗದ್ದೆಗಳಲ್ಲೂ ಉಪ್ಪು ಹರಳುಗಟ್ಟಿಸುವುದು ಹೀಗೆಯೇ. ಅಲ್ಲಿ ನೀರೆತ್ತಲು ಗಾಳಿಯಂತ್ರಗಳಿದ್ದವು, ಈಗಲೂ ಕೆಲವು ನಿಂತಿವೆ. ಬಿಸಿಲು ಬಲವಾಗಿರುವ ಬೇಸಿಗೆಯ ಕೊನೆಗೆ ಕುಯಿಲು. ಚೆರ್ವಿಯಾ ಉತ್ತರಕ್ಕಿದೆ, ಆಡ್ರಿಯಾಟಿಕ್ ಕಡಲ ದಂಡೆಯಲ್ಲಿ. ಅಲ್ಲಿನ ಬಿಸಿಲು ಅಷ್ಟು ಬಿರುಸಲ್ಲ. ತಮ್ಮ ಉಪ್ಪನ್ನು ಅವರು ‘ಸಿಹಿ ಉಪ್ಪು’ ಎಂದು ಕರೆದುಕೊಳ್ಳುತ್ತಾರೆ. ಅದರಲ್ಲಿ ಸಕ್ಕರೆಯೇನೂ ಇಲ್ಲ, ಮೆಗ್ನೀಸಿಯಂ ಕಹಿ ಕಡಿಮೆಯಿದೆ ಎಂಬುದಷ್ಟೇ ಅದರರ್ಥ. ಮೂರೂ ಕಡೆ ರಸಾಯನ ಒಂದೇ, ಬೇರೆಯಾಗುವುದು ಹರಳಿನ ರೂಪ.

ಅದು ಹೇಗೆಂದು ನೋಡೋಣ. ಸೋಡಿಯಂ ಮತ್ತು ಕ್ಲೋರಿನ್ ಅಯಾನುಗಳು ಒಂದರ ಪಕ್ಕ ಒಂದು ಚೌಕಾಕಾರದಲ್ಲಿ ಕೂರುವುದರಿಂದ ಉಪ್ಪಿನ ಹರಳು ಸ್ವಭಾವತಃ ಘನಾಕೃತಿಯದು. ಭೂತಗನ್ನಡಿಯಲ್ಲಿ ಪುಡಿ ಉಪ್ಪನ್ನು ನೋಡಿದರೆ ದಾಳಗಳ ರಾಶಿಯೇ ಕಾಣುತ್ತದೆ. ಗಾಳಿಯಿಲ್ಲದ ದಿನ ಗದ್ದೆಯ ನೀರಿನ ಮೇಲ್ಮೈಯಲ್ಲೇ ಹರಳು ಹುಟ್ಟಿದರೆ ಕತೆ ಬೇರೆ. ನೀರಿನ ಮೇಲ್ಮೈಯ ಬಿಗಿತ ಆ ಪುಟ್ಟ ಹರಳನ್ನು ತೇಲಿಸಿ ಹಿಡಿದಿರುತ್ತದೆ. ಬಿಸಿಲಿಗೆ ಬೇಗ ದಟ್ಟವಾಗುವ ನೀರು ಇರುವುದು ಮೇಲ್ಮೈಯಲ್ಲಿ, ಆದ್ದರಿಂದ ಹರಳು ಅಂಚುಗಳಲ್ಲಿ ಮಾತ್ರ ಬೆಳೆಯುತ್ತದೆ. ಬೆಳೆದಷ್ಟೂ ತೂಕ ಹೆಚ್ಚಿ ತುಸು ತುಸುವೇ ಕೆಳಗಿಳಿಯುತ್ತದೆ, ಅಂಚು ಮತ್ತೆ ಮೇಲ್ಮೈಯಲ್ಲೇ ಬೆಳೆಯುತ್ತದೆ. ಕೊನೆಗೆ ಒಳಗೆ ಪೊಳ್ಳಾದ, ಬುಡಮೇಲಾದ ಗೋಪುರದಂಥ ಹರಳು ಸಿದ್ಧವಾಗುತ್ತದೆ. ಇಟಲಿಯವರು ಇಂಥ ತೇಲುವ ಉಪ್ಪಿನ ಕೆನೆಯನ್ನು ಮೆಲ್ಲಗೆ ಬಳಿದು ‘ಫಿಯೋರೆ ದಿ ಸಾಲೆ’ ಎಂಬ ಹೆಸರಲ್ಲಿ ಮಾರುತ್ತಾರೆ. ಗಾಳಿ ಬೀಸಿದರೆ ಅದು ಮುರಿದು ತಳ ಸೇರುತ್ತದೆ, ಆಮೇಲೆ ಅದೂ ಕಲ್ಲುಪ್ಪೇ.

ಪೊಳ್ಳು ಹರಳು ಹಲ್ಲಿಗೆ ಸಿಕ್ಕರೆ ಗರಕ್ಕೆಂದು ಪುಡಿಯಾಗುತ್ತದೆ, ಎಂಜಲಿನಲ್ಲಿ ಕ್ಷಣದಲ್ಲಿ ಕರಗುತ್ತದೆ. ಘನವಾದ ಕಲ್ಲುಪ್ಪು ನಿಧಾನ. ತುತ್ತು ಗಂಟಲಿಗಿಳಿಯುವ ಹೊತ್ತಿಗೆ ಅದರ ಬಹುಪಾಲು ಕರಗಿರುವುದೇ ಇಲ್ಲ, ಆ ಉಪ್ಪನ್ನು ನುಂಗುತ್ತೇವೆ, ರುಚಿ ಮಾತ್ರ ಸಿಗುವುದಿಲ್ಲ. ಬೆಲೆಬಾಳುವ ಉಪ್ಪಿನ ಗುಣ ಎಂದು ನಾನು ಹೇಳಿದ್ದು ಇದನ್ನೇ. ಅದು ಅಡುಗೆ ಮುಗಿದ ಮೇಲೆ, ಬಡಿಸುವ ಹೊತ್ತಿಗೆ ಹೆಚ್ಚಿದ ಟೊಮೇಟೊ, ಸೌತೆಕಾಯಿ, ಬೇಯಿಸಿದ ಮೊಟ್ಟೆಯ ಮೇಲೆ ಉದುರಿಸುವ ಉಪ್ಪು. ಅದನ್ನು ಕುದಿಯುವ ಸಾರಿಗೆ ಹಾಕಿದರೆ ಗೋಪುರವೂ ಇಲ್ಲ, ಗರಿಗರಿಯೂ ಇಲ್ಲ. ನೀರಿನಲ್ಲಿ ಕರಗಿದ ಸೋಡಿಯಂಗೆ ತಾನು ಸಿಸಿಲಿಯದೋ ತೂತ್ತುಕುಡಿಯದೋ ಎಂಬ ಗುರುತು ಉಳಿಯುವುದಿಲ್ಲ. ಪಾಸ್ತಾ ಬೇಯಿಸುವ ನೀರಿಗೆ ಇಟಲಿಯ ಮನೆಗಳಲ್ಲೇ ಅಗ್ಗದ ದಪ್ಪ ಉಪ್ಪನ್ನು ಹಿಡಿಯಷ್ಟು ಹಾಕುತ್ತಾರೆ.

ಕೋಲಾರ ಸೀಮೆಗೆ ಸಮುದ್ರ ಸುಮಾರು ಇನ್ನೂರು ಕಿಲೋಮೀಟರ್ ದೂರ. ಉಪ್ಪು ಇಲ್ಲಿಗೆ ಯಾವತ್ತೂ ದೂರದಿಂದ ಬರಬೇಕಾದ ಸರಕೇ. ಹಿಂದೆ ಲಂಬಾಣಿಗಳು ಎತ್ತುಗಳ ಮೇಲೆ ಹೇರಿಕೊಂಡು ಕರಾವಳಿಯಿಂದ ಒಳನಾಡಿಗೆ ಉಪ್ಪು ತರುತ್ತಿದ್ದರು. ಈಗ ದೇಶದ ಮುಕ್ಕಾಲು ಪಾಲು ಉಪ್ಪು ಗುಜರಾತಿನದು. ಒಳನಾಡಿನಲ್ಲೇ ಉಪ್ಪು ಮಾಡುತ್ತಿದ್ದವರೂ ಇದ್ದರು. ಬಯಲುಸೀಮೆಯ ಉಪ್ಪಾರರು ಚೌಳು ಮಣ್ಣನ್ನು ಕೆರೆದು ತಂದು, ನೀರು ಹಾಯಿಸಿ ಅದರೊಳಗಿನ ಲವಣವನ್ನು ಇಳಿಸಿ, ಆ ನೀರನ್ನು ಬಿಸಿಲಲ್ಲಿ ಆರಿಸಿ ಉಪ್ಪು ತೆಗೆಯುತ್ತಿದ್ದರು. ಕಡಲ ನೀರಿನಷ್ಟು ನೇಮದ ಬೆರಕೆ ಮಣ್ಣಿನಲ್ಲಿರುವುದಿಲ್ಲ, ಸೋಡಿಯಂ ಸಲ್ಫೇಟ್, ನೈಟ್ರೇಟುಗಳೂ ಸೇರಿಕೊಳ್ಳುತ್ತಿದ್ದವು. ಅಂಥ ಮಣ್ಣಿನಿಂದ ತಿನ್ನುವಂಥ ಉಪ್ಪು ತೆಗೆಯಬೇಕಾದರೆ ಯಾವ ಹಂತದಲ್ಲಿ ನಿಲ್ಲಿಸಬೇಕೆಂಬುದು ಕಣ್ಣಿಗೂ ನಾಲಿಗೆಗೂ ಗೊತ್ತಿರಬೇಕಿತ್ತು. ಇಟಲಿಯ ಉಪ್ಪಿನ ಗದ್ದೆಗಳಿಗೆ ಸಿಗುವ ಮರ್ಯಾದೆಯ ಒಂದು ಪಾಲಾದರೂ ಈ ವಿದ್ಯೆಗೆ ಸಲ್ಲಬೇಕು. ಕಡಲುಪ್ಪು ಅಗ್ಗವಾಗಿ ಬರತೊಡಗಿದ ಮೇಲೆ, ಉಪ್ಪಿನ ಕಾಯಿದೆಗಳು ಬಿಗಿಯಾದ ಮೇಲೆ ಅದು ಕರಗಿಹೋಯಿತು.

ಕರಗಿದ ಉಪ್ಪೆಲ್ಲ ಒಂದೇ ಎಂದೆ. ಆದರೆ ಕರಗಿದ ಉಪ್ಪು ತಟ್ಟೆಯಲ್ಲಿ ಎಲ್ಲಿದೆ ಎಂಬುದೂ ಲೆಕ್ಕಕ್ಕೆ ಬರುತ್ತದೆ. ನೆದರ್ಲೆಂಡ್ಸ್‌ನ ಸಂಶೋಧಕರು 2010ರಲ್ಲಿ ಬ್ರೆಡ್ಡಿನ ಮೇಲೆ ಒಂದು ಪ್ರಯೋಗ ಮಾಡಿದರು. ಒಂದು ಬ್ರೆಡ್ಡಿನಲ್ಲಿ ಉಪ್ಪು ಎಲ್ಲೆಡೆ ಸಮನಾಗಿತ್ತು, ಇನ್ನೊಂದರಲ್ಲಿ ಒಂದು ಪದರ ಉಪ್ಪಿನದು, ಒಂದು ಸಪ್ಪೆ. ಪದರಗಳ ಬ್ರೆಡ್ಡಿಗೆ ಕಾಲುಭಾಗಕ್ಕಿಂತ ಹೆಚ್ಚು ಉಪ್ಪು ಕಡಿಮೆ ಹಾಕಿದರೂ ತಿಂದವರಿಗೆ ಅಷ್ಟೇ ಉಪ್ಪೆನಿಸಿತು. ಒಂದೇ ಸಮನೆ ಬರುವ ರುಚಿಗೆ ನಾಲಿಗೆ ಒಗ್ಗಿಹೋಗುತ್ತದೆ. ಬಿಟ್ಟು ಬಿಟ್ಟು ಬರುವ ರುಚಿಗೆ ಪ್ರತಿ ಸಲವೂ ಎಚ್ಚರಗೊಳ್ಳುತ್ತದೆ. ಇದನ್ನು ಓದಿದಾಗ ನನಗೆ ಹೊಳೆದದ್ದು ಮುದ್ದೆ. ಕೋಲಾರ ಜಿಲ್ಲೆಯ ಬಹಳ ಮನೆಗಳಲ್ಲಿ ಮುದ್ದೆಗೆ ಉಪ್ಪು ಹಾಕುವುದಿಲ್ಲ. ಉಪ್ಪೆಲ್ಲ ಇರುವುದು ಉಪ್ಪುಸಾರಿನಲ್ಲಿ, ಅದರ ಪಕ್ಕಕ್ಕಿಟ್ಟುಕೊಳ್ಳುವ ಖಾರದಲ್ಲಿ. ಸಪ್ಪೆ ಮುದ್ದೆಯ ತುಣುಕು, ಅದರ ಹೊರಮೈಗೆ ಮಾತ್ರ ತೆಳ್ಳಗೆ ಸಾರು. ಆ ಪ್ರಯೋಗದ ಪದರಗಳು ನಮ್ಮ ಊಟದಲ್ಲಿ ಹಿಂದಿನಿಂದಲೂ ಇವೆ. ಮುದ್ದೆಗೂ ಉಪ್ಪು ಸೇರಿಸುವ ಹೊಸ ರೂಢಿ ಶುರುವಾಗಿರುವ ಮನೆಗಳು ಅದನ್ನು ಬಿಡುವುದು ಒಳ್ಳೆಯದು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ಸಾಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ನಾವು ತಿನ್ನುತ್ತಿರುವುದು ಅದಕ್ಕಿಂತ ಬಹಳ ಹೆಚ್ಚು.

ಉಪ್ಪಿನಕಾಯಿಯ ವಿಷಯಕ್ಕೆ ಬಂದರೆ ಉಪ್ಪಿಗೆ ರುಚಿಗಿಂತ ದೊಡ್ಡ ಜವಾಬ್ದಾರಿ. ಕನ್ನಡ ತೆಲುಗು ಎರಡೂ ಆಡುವ ಈ ಗಡಿನಾಡಿನಲ್ಲಿ ಮಿಡಿಗಾಯಿಗಿಂತ ಆವಕಾಯಿಯ ಜಾಡಿಯೇ ಹೆಚ್ಚು. ಮಾಡುವ ಮುನ್ನ ಕಲ್ಲುಪ್ಪನ್ನು ಒಣ ಬಾಣಲೆಯಲ್ಲಿ ಹುರಿಯುವುದು ಹಳೆಯ ಪದ್ಧತಿ. ಬಾಣಲೆ ಕಾದ ಸ್ವಲ್ಪ ಹೊತ್ತಿಗೆ ಹರಳುಗಳು ಚಟಚಟನೆ ಸಿಡಿಯುತ್ತವೆ, ಕೆಲವು ಬಾಣಲೆಯ ಆಚೆಗೂ ಹಾರುತ್ತವೆ. ಉಪ್ಪು ಕರಗುವುದಕ್ಕೆ 801 ಡಿಗ್ರಿ ಸೆಲ್ಸಿಯಸ್ ಬೇಕು, ನಮ್ಮ ಒಲೆಯ ಬಾಣಲೆ ಅದರ ಹತ್ತಿರಕ್ಕೂ ಹೋಗುವುದಿಲ್ಲ. ಹಾಗಾದರೆ ಸಿಡಿಯುವುದೇನು? ಹರಳು ಗದ್ದೆಯಲ್ಲಿ ಬೆಳೆಯುವಾಗ ಅದರೊಳಗೆ ಅಲ್ಲಲ್ಲಿ ಉಪ್ಪುನೀರಿನ ಸಣ್ಣ ಗುಳ್ಳೆಗಳು ಸಿಕ್ಕಿಕೊಂಡಿರುತ್ತವೆ. ಕಾದಾಗ ಆ ನೀರು ಆವಿಯಾಗಿ, ಹೊರಬರಲು ದಾರಿಯಿಲ್ಲದೆ ಹರಳನ್ನೇ ಒಡೆಯುತ್ತದೆ. ಬಾಣಲೆಯಲ್ಲಿ ಸಿಡಿಯುವ ಆ ಹನಿ ಯಾವುದೋ ಬೇಸಿಗೆಯಲ್ಲಿ ಗದ್ದೆಯೊಳಗೆ ನಿಂತಿದ್ದ ಕಡಲನೀರು! ಸದ್ದು ನಿಂತಿತೆಂದರೆ ಉಪ್ಪು ಒಣಗಿತೆಂದು ಅರ್ಥ, ಹುರಿಯುವುದನ್ನು ನಿಲ್ಲಿಸಬಹುದು. ಒಡೆದ ಹರಳು ಒರಳಿನಲ್ಲಿ ಬೇಗ ಪುಡಿಯಾಗುವುದೂ ಇದರಿಂದಲೇ.

ಒಣಗಿದ ಉಪ್ಪು ಹೋಳುಗಳ ನೀರನ್ನು ಎಳೆದು ಜಾಡಿಯಲ್ಲಿ ದಟ್ಟವಾದ ರಸ ಬಿಡಿಸುತ್ತದೆ. ಸೂಕ್ಷ್ಮಜೀವಿ ಬದುಕಲು ಬರಿ ನೀರಿದ್ದರೆ ಸಾಲದು, ಆ ನೀರು ಅದಕ್ಕೆ ದಕ್ಕುವಂತಿರಬೇಕು. ಶುದ್ಧ ನೀರಿನಲ್ಲಿ ಈ ದಕ್ಕುವಿಕೆಯನ್ನು 1 ಎಂದಿಟ್ಟುಕೊಂಡರೆ, ಇನ್ನು ಕರಗಲಾರದಷ್ಟು ಉಪ್ಪು ತುಂಬಿದ ನೀರಿನಲ್ಲಿ ಅದು 0.75. ಕೊಳೆಸುವ ಹೆಚ್ಚಿನ ಬ್ಯಾಕ್ಟೀರಿಯಾಗಳಿಗೆ 0.9ಕ್ಕಿಂತ ಕಡಿಮೆಯಾದರೆ ಉಸಿರು ಕಟ್ಟಿದ ಹಾಗೆ. ಮಾವಿನ ಹುಳಿ, ಸಾಸಿವೆ, ಎಣ್ಣೆ ಎಲ್ಲವೂ ಜೊತೆಗೆ ನಿಂತಾಗ ಆವಕಾಯಿ ವರ್ಷ ದಾಟುತ್ತದೆ. ಇಲ್ಲಿ ಒಂದು ಎಚ್ಚರಿಕೆ ಬೇಕು. ಅಳತೆ ಚಮಚದಲ್ಲಾದರೆ ದಪ್ಪ ಹರಳಿನ ನಡುವೆ ಗಾಳಿಗೆ ಜಾಗ ಹೆಚ್ಚು, ಪುಡಿ ಉಪ್ಪಿನ ಒಂದು ಟೀ ಚಮಚ ಸುಮಾರು 6 ಗ್ರಾಂ ತೂಗಿದರೆ ಪೊಳ್ಳು ಹರಳಿನದು ಅದರ ಅರ್ಧವೂ ಆಗಬಹುದು. ಉಪ್ಪು ಬದಲಿಸಿ ಉಪ್ಪಿನಕಾಯಿ ಹಾಕುವವರು ಸೇರು ಪಾವು ಬಿಟ್ಟು ತಕ್ಕಡಿಯಲ್ಲಿ ತೂಗಬೇಕು. ಬೂಷ್ಟು ಹಿಡಿದ ಎಷ್ಟೋ ಜಾಡಿಗಳ ಹಿಂದೆ ಈ ಸಣ್ಣ ಲೆಕ್ಕ ತಪ್ಪಿರುತ್ತದೆ.

ವಿದೇಶಿ ಉಪ್ಪಿನ ಶೀಸೆಗಳ ಮೇಲೆ ಖನಿಜಗಳ ಉದ್ದ ಪಟ್ಟಿ ಇರುತ್ತದೆ. ಒಂದು ದಪ್ಪ ಸಮುದ್ರದುಪ್ಪಿನಲ್ಲಿ ಮೆಗ್ನೀಸಿಯಂ ನೂರಕ್ಕೆ ಅರ್ಧದಷ್ಟಿದೆ ಎಂದೇ ಇಟ್ಟುಕೊಳ್ಳಿ. 5 ಗ್ರಾಂ ಉಪ್ಪಿನಿಂದ ಸಿಗುವುದು 25 ಮಿಲಿಗ್ರಾಂ. ಬೆಳೆದವರಿಗೆ ದಿನಕ್ಕೆ ಬೇಕಾದದ್ದು 300 ಮಿಲಿಗ್ರಾಂಗಿಂತ ಹೆಚ್ಚು. ನೂರು ಗ್ರಾಂ ರಾಗಿಹಿಟ್ಟಿನಲ್ಲಿ 140 ಮಿಲಿಗ್ರಾಂನಷ್ಟು ಮೆಗ್ನೀಸಿಯಂ, 350ರಷ್ಟು ಕ್ಯಾಲ್ಸಿಯಂ ಇದೆ. ಖನಿಜ ಬೇಕಾದವರು ಮುದ್ದೆ ಉಣ್ಣಲಿ.

ಅದಕ್ಕಿಂತ ಮುಖ್ಯವಾದದ್ದು ಆ ಪಟ್ಟಿಯಲ್ಲಿ ಇಲ್ಲದ ಅಯೋಡಿನ್. ಕಡಲಿನದಾದ್ದರಿಂದ ಅಯೋಡಿನ್ ಇದ್ದೇ ಇರುತ್ತದೆ ಎಂದು ಬಹಳ ಜನ ನಂಬಿದ್ದಾರೆ. ಲೆಕ್ಕ ಹಾಕಿ ನೋಡೋಣ. ಒಂದು ಲೀಟರ್ ಕಡಲನೀರಿನಲ್ಲಿ ಅಯೋಡಿನ್ ಸುಮಾರು 60 ಮೈಕ್ರೋಗ್ರಾಂ. ಅಷ್ಟೂ ಆ 35 ಗ್ರಾಂ ಲವಣದಲ್ಲೇ ಉಳಿಯಿತು ಎಂದುಕೊಂಡರೂ 5 ಗ್ರಾಂಗೆ 9 ಮೈಕ್ರೋಗ್ರಾಂ ದಾಟುವುದಿಲ್ಲ. ನಮಗೆ ದಿನಕ್ಕೆ ಬೇಕಾದದ್ದು 150. ಡಾ. ವಿ. ರಾಮಲಿಂಗಸ್ವಾಮಿ ಮತ್ತು ಸಂಗಡಿಗರು 1956ರಿಂದ ಹಿಮಾಚಲದ ಕಾಂಗ್ರಾ ಕಣಿವೆಯಲ್ಲಿ ಅಯೋಡಿನ್ ಬೆರೆತ ಉಪ್ಪು ಕೊಟ್ಟು ಗಳಗಂಡ ಇಳಿಯುವುದನ್ನು ತೋರಿಸಿದರು. 1962ರಲ್ಲಿ ರಾಷ್ಟ್ರೀಯ ಕಾರ್ಯಕ್ರಮ ಶುರುವಾಯಿತು. 2006ರ ಮೇ ತಿಂಗಳಿಂದ ಅಯೋಡಿನ್ ಇಲ್ಲದ ಉಪ್ಪನ್ನು ಊಟಕ್ಕೆಂದು ಮಾರುವುದಕ್ಕೆ ದೇಶದಲ್ಲಿ ನಿಷೇಧವಿದೆ. ಮನೆಗೆ ಬರುವ ಉಪ್ಪಿನಲ್ಲಿ ಹತ್ತು ಲಕ್ಷಕ್ಕೆ 15 ಪಾಲಾದರೂ ಅಯೋಡಿನ್ ಇರಬೇಕು. ಗರ್ಭಿಣಿಯರು, ಎಳೆಯ ಮಕ್ಕಳು ಇರುವ ಮನೆಯಲ್ಲಿ ದಿನದ ಸಾರಿಗೂ ಪಲ್ಯಕ್ಕೂ ಅಯೋಡಿನ್ ಉಪ್ಪನ್ನು ಬಿಟ್ಟು ಚಂದದ ಶೀಸೆಯ ಉಪ್ಪು ಬಳಸುವುದು ನಿಜವಾದ ಅಪಾಯ. ಮೇಲೆ ಉದುರಿಸುವ ಚಿಟಿಕೆಗೆ ಅದು ಇರಲಿ. ಪೊಟ್ಟಣದ ಕಲ್ಲುಪ್ಪಿಗೂ ಈಗ ಅಯೋಡಿನ್ ಸಿಂಪಡಿಸಿ ಮಾರುವವರಿದ್ದಾರೆ, ಚೀಟಿ ಓದಿ ಕೊಳ್ಳಬೇಕು.

ಇನ್ನು ಪರಿಮಳದ ಉಪ್ಪುಗಳು. ಬೊಲೊನ್ಯಾ ಊರಿನವರು ಉಪ್ಪಿಗೆ ಬೆಳ್ಳುಳ್ಳಿ, ರೋಸ್‌ಮೇರಿ, ಸೇಜ್ ಎಲೆ ಕೊಚ್ಚಿ ಬೆರೆಸಿ ಇಟ್ಟುಕೊಳ್ಳುತ್ತಾರೆ, ಮಾಂಸಕ್ಕೂ ಆಲೂಗಡ್ಡೆಗೂ ಹಚ್ಚುತ್ತಾರೆ. ಉಪ್ಪು ಎಲೆಯ ನೀರನ್ನು ಹೀರಿ ಕೆಡದಂತೆ ಕಾಯುತ್ತದೆ, ಹರಳಿನ ಚೂಪು ಎಲೆಯ ಎಣ್ಣೆಚೀಲಗಳನ್ನು ಒಡೆಯುತ್ತದೆ, ಎಣ್ಣೆ ಹರಳಿಗೆ ಅಂಟುತ್ತದೆ. ಒಣಮೆಣಸಿನಕಾಯಿ, ಬೆಳ್ಳುಳ್ಳಿ, ಜೀರಿಗೆ, ಮೆಣಸು, ಹುಣಸೆಹಣ್ಣನ್ನು ಉಪ್ಪಿನ ಜೊತೆ ಒರಳಿನಲ್ಲಿ ಅರೆಯುವ ಉಪ್ಪುಸಾರಿನ ಖಾರ ಇದರ ನೇರ ಸೋದರಿ. ಕರಿಯ ಉಪ್ಪಿನ ಕತೆ ಬೇರೆ. ಅದರ ಮೊಟ್ಟೆಯಂಥ ವಾಸನೆ ಹೈಡ್ರೋಜನ್ ಸಲ್ಫೈಡ್ ಮುಂತಾದ ಗಂಧಕದ ಸಂಯುಕ್ತಗಳದು, ಕುದಿಸಿದರೆ ಹಾರಿಹೋಗುತ್ತದೆ. ಹಾಗಾಗಿ ಅದನ್ನು ಮಜ್ಜಿಗೆಗೋ ಪಾನಕಕ್ಕೋ ಕೊನೆಗೆ ಸೇರಿಸಬೇಕು. ಟ್ರಫಲ್ ಅಣಬೆಯ ಉಪ್ಪುಗಳನ್ನು ಕೊಳ್ಳಿ ಎಂದು ಮಾತ್ರ ನಾನು ಯಾರಿಗೂ ಹೇಳುವುದಿಲ್ಲ. ಅವುಗಳಲ್ಲಿ ಹೆಚ್ಚಿನವು 2,4-ಡೈಥಯಾಪೆಂಟೇನ್ ಎಂಬ ಒಂದೇ ರಾಸಾಯನಿಕದಿಂದ ವಾಸನೆ ಪಡೆದಿರುತ್ತವೆ, ಅಣಬೆಯ ಚೂರು ನೋಟಕ್ಕಷ್ಟೇ.

ಮನೆಯಲ್ಲೇ ಮಾಡಿಕೊಳ್ಳುವುದು ಕಷ್ಟವೇನಲ್ಲ. ಗೌನಿಪಲ್ಲಿಯ ಬೇಸಿಗೆಯ ಬಿಸಿಲು ಒಣಗಿಸುವ ಕೆಲಸಕ್ಕೆ ಹೇಳಿಮಾಡಿಸಿದಂತಿದೆ. ನಿಂಬೆಯ ಹೊರಸಿಪ್ಪೆಯ ಹಳದಿ ಭಾಗವನ್ನಷ್ಟೇ ತುರಿದು, ಅಯೋಡಿನ್ ಇರುವ ಉಪ್ಪಿನಲ್ಲಿ ಬೆರಳಿನಿಂದ ಉಜ್ಜಿ ತೆಳುಬಟ್ಟೆಯ ಕೆಳಗೆ ನೆರಳಿನಲ್ಲಿ ಆರಿಸಬೇಕು. ನಿಂಬೆಯ ಪರಿಮಳದ ಲಿಮೋನೀನ್ ಬಿಸಿಲಿಗಿಟ್ಟರೆ ಹಾರಿಹೋಗುತ್ತದೆ. ಎಳೆಯ ಮಾವಿನಕಾಯಿಯ ತುರಿಯನ್ನಾದರೆ ಬಿಸಿಲಿನಲ್ಲೇ ಒಣಗಿಸಬಹುದು, ಅದರ ಹುಳಿ ಆವಿಯಾಗುವಂಥದ್ದಲ್ಲ. ಒಣಗಿದ ತುರಿ, ಹುರಿದ ಜೀರಿಗೆ, ಬ್ಯಾಡಗಿ ಮೆಣಸಿನಕಾಯಿಯ ಪುಡಿ ಸೇರಿಸಿ ಉಪ್ಪಿನೊಡನೆ ತರಿತರಿಯಾಗಿ ಕುಟ್ಟಿದರೆ ಹೆಚ್ಚಿದ ಸೀಬೆಹಣ್ಣು, ಸುಟ್ಟ ಜೋಳದ ತೆನೆಗೆ ಒಪ್ಪುತ್ತದೆ. ತೀರಾ ನುಣ್ಣಗಾದರೆ ಹರಳಿನ ಗರಿ ಹೋಗುತ್ತದೆ, ಒರಳಿನಲ್ಲಿ ನಾಲ್ಕು ಪೆಟ್ಟು ಸಾಕು. ಗಾಳಿಯ ತೇವ ನೂರಕ್ಕೆ 75 ದಾಟಿದರೆ ಶುದ್ಧ ಉಪ್ಪೂ ಬೆವರತೊಡಗುತ್ತದೆ, ಮೆಗ್ನೀಸಿಯಂ ಇರುವ ಕಲ್ಲುಪ್ಪು ಅದಕ್ಕೂ ಮೊದಲೇ. ಆದ್ದರಿಂದ ಮೇ ಮುಗಿಯುವುದರೊಳಗೆ ಇವನ್ನೆಲ್ಲ ಮಾಡಿ, ಬಿಗಿ ಮುಚ್ಚಳದ ಗಾಜಿನ ಶೀಸೆಗೆ ತುಂಬಿ ಒಲೆಯಿಂದ ದೂರ ಇಡಬೇಕು.